‘ಎಷ್ಟ್ ಕುಡುದ್ರೂ ಏರಂಗಿಲ್ಲ’ ಅನ್ನೋದು ಹೊಗಳಿಕೆ ಅಲ್ಲ

ನಮ್ಮ ಸೇಡಂ ಕಡೆ ಗಂಡಸರ ಬಗ್ಗೆ ಒಂದು ಹೊಗಳಿಕೆ ಇದೆ. ‘ಅವ ಎಷ್ಟ್ ಕುಡುದ್ರೂ ನಶಾ ಏರಂಗಿಲ್ಲ ನೋಡ್ರಿ. ಎಲ್ಲರೂ ಬಿದ್ದ ಮ್ಯಾಲ ಅವನೇ ಎಲ್ಲರನ್ನೂ ಮನಿಗಿ ಮುಟ್ಟಸ್ತಾನ.’ ಚಿತ್ತಾಪುರದ ಮದುವೆ ಮನೆಯ ಹಿಂದೆ, ವಾಡಿ ಸ್ಟೇಷನ್ನಿನ ಹೊರಗೆ, ಚಿಂಚೋಳಿ ರಸ್ತೆಯ ಢಾಬಾದಲ್ಲಿ, ಎಲ್ಲ ಕಡೆ ಈ ಮಾತು ಕೇಳಿದ್ದೇನೆ. ಬೆಂಗಳೂರಿಗೆ ಬಂದರೆ ಅದೇ ಮಾತಿಗೆ ಬೇರೆ ಹೆಸರು: ‘ಮಚ್ಚಾ, ಇವನ ಕೆಪಾಸಿಟಿ ನೋಡೋ!’ ಟೀಮ್ ಔಟಿಂಗ್‌ನಲ್ಲಿ ನಾಲ್ಕನೇ ಪೆಗ್ಗಿಗೂ ಮಾತು ತೊದಲದವನೇ ಹೀರೊ.

ಈ ವಾರ ಆ ಹೀರೊಗಳಿಗಾಗಿಯೇ ಬರೀತಿದ್ದೀನಿ. ಯಾಕಂದ್ರೆ ವಿಜ್ಞಾನ ಹೇಳೋದು ಪೂರಾ ಉಲ್ಟಾ. ಏರದೇ ಇರೋದು ತಾಕತ್ತಲ್ಲ. ಅದು ಹುಟ್ಟಿನಿಂದಲೇ ಬಂದಿರಬಹುದಾದ ಅಪಾಯದ ಗುರುತು. ಇದನ್ನು ಅರ್ಥ ಮಾಡಿಸೋದಕ್ಕೆ ತುಂಬಾ ಸಹಾಯ ಮಾಡಿದ್ದು ಇಲಿಗಳು. ಹೌದು, ಇಲಿಗಳೇ.

ಎರಡು ಬಾಟಲಿ, ಎರಡು ತಳಿ

1959ರಲ್ಲಿ ಅಮೆರಿಕದ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದಲ್ಲಿ ಜೆರಾಲ್ಡ್ ಮೆಕ್ಲರ್ನ್ ಮತ್ತು ಡೇವಿಡ್ ರಾಜರ್ಸ್ ಎಂಬ ಇಬ್ಬರು ಒಂದು ಸರಳ ಪ್ರಯೋಗದ ಫಲಿತಾಂಶ ಪ್ರಕಟಿಸಿದರು. ಇಲಿಯ ಪಂಜರದಲ್ಲಿ ಎರಡು ಬಾಟಲಿ. ಒಂದರಲ್ಲಿ ಬರೀ ನೀರು, ಇನ್ನೊಂದರಲ್ಲಿ ಮದ್ಯ ಬೆರೆಸಿದ ನೀರು. ಯಾವುದನ್ನು ಬೇಕಾದರೂ ಕುಡಿಯಬಹುದು. ಒತ್ತಾಯ ಇಲ್ಲ, ಗೆಳೆಯರ ಕಾಟ ಇಲ್ಲ, ಸಂಬಳದ ದಿನ ಅಂತ ಇಲ್ಲ.

ಸಿ57 ಅನ್ನೋ ತಳಿಯ ಇಲಿಗಳು ಮದ್ಯದ ಬಾಟಲಿಗೇ ಹೋದವು. ಡಿಬಿಎ ಅನ್ನೋ ತಳಿಯವು ಅದರ ಹತ್ತಿರವೂ ಸುಳಿಯಲಿಲ್ಲ. ಅದೇ ಪಂಜರ, ಅದೇ ಕಾಳು, ಅದೇ ನೀರು. ಬೇರೆ ಇದ್ದದ್ದು ತಳಿ ಮಾತ್ರ.

ತಳಿ ಅಂದ್ರೆ ಏನು ಅಂತ ನಮ್ಮ ತೊಗರಿ ನಾಡಿನವರಿಗೆ ಬಿಡಿಸಿ ಹೇಳಬೇಕಿಲ್ಲ. ನೆಟೆ ರೋಗ ತಡ್ಕೊಳ್ಳೋ ಟಿಎಸ್-3ಆರ್ ಬೀಜ ಬಿತ್ತಿದ ಹೊಲ, ಅದರ ಪಕ್ಕದಲ್ಲೇ ರೋಗಕ್ಕೆ ಒಣಗಿ ನಿಂತ ಬೇರೆ ಬೀಜದ ಹೊಲ, ಎರಡನ್ನೂ ನೋಡಿದವರು ನಾವು. ಪ್ರಯೋಗದ ಇಲಿಗಳೂ ಹಾಗೇ. ಕನಿಷ್ಠ 20 ತಲೆಮಾರು ಅಣ್ಣ-ತಂಗಿ ಇಲಿಗಳನ್ನೇ ಕೂಡಿಸಿ ಬೆಳೆಸಿದ ಮೇಲೆ ಒಂದು ತಳಿಯ ಇಲಿಗಳೆಲ್ಲ ಹೆಚ್ಚೂಕಡಿಮೆ ಅವಳಿಗಳಂತೆ ಇರುತ್ತವೆ. ಆಗ ಎರಡು ತಳಿ ನಡುವೆ ವ್ಯತ್ಯಾಸ ಕಂಡರೆ ‘ಇದು ರಕ್ತದಿಂದ ಬಂದದ್ದು’ ಅಂತ ಧೈರ್ಯವಾಗಿ ಹೇಳಬಹುದು.

ಪ್ರಯೋಗಾಲಯ ಬದಲಾದರೆ ಏನಾಗುತ್ತೆ ಅಂತಲೂ ಮುಂದೆ ಪರೀಕ್ಷೆ ಮಾಡಿದರು. 1999ರಲ್ಲಿ ಅಮೆರಿಕದ ಪೋರ್ಟ್‌ಲೆಂಡ್, ಆಲ್ಬನಿ ಮತ್ತು ಕೆನಡಾದ ಎಡ್ಮಂಟನ್ ಎಂಬ ಮೂರು ಊರುಗಳಲ್ಲಿ ಅವೇ ತಳಿಗಳ ಮೇಲೆ ಅವೇ ಪರೀಕ್ಷೆಗಳು ನಡೆದವು. ಇಲಿಗಳ ಅಂಜಿಕೆ ಅಳೆಯುವ ಪರೀಕ್ಷೆಯಂಥವು ಊರಿಂದ ಊರಿಗೆ ಬೇರೆ ಬೇರೆ ಉತ್ತರ ಕೊಟ್ಟವು. ಆದರೆ ಮದ್ಯದ ಬಾಟಲಿಯ ವಿಷಯದಲ್ಲಿ ಮೂರೂ ಕಡೆ ಸಿ57 ಇಲಿಯೇ ಮುಂದು.

‘ಕುಡುಕತನದ ಜೀನ್’ ಅಂತ ಒಂದಿಲ್ಲ

ಇಲ್ಲಿಗೇ ನಿಲ್ಲಿಸಿದರೆ ನಮ್ಮ ಹಿರಿಯರು ‘ನಾವು ಹೇಳಿರ್ಲಿಲ್ಲೇನು? ಅಪ್ಪ ಕುಡುಕ, ಮಗನೂ ಕುಡುಕ’ ಅಂತಾರೆ. ಆದರೆ ಇಲಿಗಳ ಕಥೆಯ ಮುಖ್ಯ ಭಾಗ ಇನ್ನು ಮುಂದೆ ಇದೆ.

ಮೆಕ್ಲರ್ನ್ ಕೊಲರಾಡೊಗೆ ಹೋದ ಮೇಲೆ ಇನ್ನೊಂದು ಕೆಲಸ ಮಾಡಿದರು. ಇಲಿಗಳಿಗೆ ಅಳತೆ ಮಾಡಿ ಮದ್ಯದ ಚುಚ್ಚುಮದ್ದು ಕೊಟ್ಟು, ಅಂಗಾತ ಮಲಗಿಸಿ, ಎಷ್ಟು ಹೊತ್ತಿಗೆ ಹೊರಳಿ ಏಳುತ್ತವೆ ಅಂತ ಗಡಿಯಾರ ಹಿಡಿದು ನೋಡಿದರು. ಬಹಳ ಹೊತ್ತು ಮಲಗಿದವನ್ನು ಅಂಥವುಗಳ ಜೊತೆ, ಬೇಗ ಎದ್ದವನ್ನು ಅಂಥವುಗಳ ಜೊತೆ ಕೂಡಿಸಿದರು. ತಲೆಮಾರುಗಳು ಕಳೆದ ಮೇಲೆ ಎರಡು ಬೇರೆ ಬೇರೆ ಸಂತತಿಗಳೇ ಸಿದ್ಧವಾದವು. ಅಷ್ಟೇ ಮದ್ಯಕ್ಕೆ ಒಂದು ಗುಂಪು ಗಂಟೆಗಟ್ಟಲೆ ಮಲಗುತ್ತೆ, ಇನ್ನೊಂದು ಕೆಲವೇ ನಿಮಿಷದಲ್ಲಿ ಎದ್ದು ಓಡಾಡುತ್ತೆ. ಇವಕ್ಕೆ ‘ದೀರ್ಘ ನಿದ್ರೆಯ’ ಮತ್ತು ‘ಅಲ್ಪ ನಿದ್ರೆಯ’ ಇಲಿಗಳು ಅಂತಲೇ ಹೆಸರು. ಮದ್ಯವನ್ನು ಕರಗಿಸುವ ವೇಗದಲ್ಲಿ ಎರಡಕ್ಕೂ ದೊಡ್ಡ ವ್ಯತ್ಯಾಸವಿಲ್ಲ. ವ್ಯತ್ಯಾಸ ಇರುವುದು ಮಿದುಳಿನಲ್ಲಿ. ಅಂದ್ರೆ ‘ಏರೋದು, ಏರದೇ ಇರೋದು’ ಅನ್ನೋದೂ ಹುಟ್ಟಿನಿಂದ ಬರುತ್ತೆ.

ಮೂರನೆಯದು, ನನ್ನ ಲೆಕ್ಕದಲ್ಲಿ ಎಲ್ಲಕ್ಕಿಂತ ಮುಖ್ಯವಾದದ್ದು, ಬಿಟ್ಟಾಗ ಆಗುವ ತೊಂದರೆ. ಪೋರ್ಟ್‌ಲೆಂಡ್‌ನ ಜಾನ್ ಕ್ರ್ಯಾಬ್ ಮತ್ತು ಸಂಗಡಿಗರು ಮದ್ಯ ನಿಲ್ಲಿಸಿದಾಗ ಜೋರಾಗಿ ಮೂರ್ಛೆ ಬರುವ ಇಲಿಗಳನ್ನೂ, ಅಷ್ಟಾಗಿ ಬಾರದ ಇಲಿಗಳನ್ನೂ ಬೇರೆ ಬೇರೆ ಸಂತತಿಗಳಾಗಿ ಬೆಳೆಸಿದರು. ಇದೂ ರಕ್ತದಲ್ಲೇ ಹರಿದು ಬರುವ ಗುಣ.

ಈಗ ತಮಾಷೆ ನೋಡಿ. ಮದ್ಯ ಮುಟ್ಟದ ಆ ಡಿಬಿಎ ಇಲಿಗೆ ಮದ್ಯ ಕೊಟ್ಟು ನಿಲ್ಲಿಸಿದರೆ ಮೂರ್ಛೆ ಜೋರು. ಚೆನ್ನಾಗಿ ಕುಡಿಯುವ ಸಿ57 ಇಲಿಗೆ ಅಷ್ಟು ತೊಂದರೆ ಇಲ್ಲ. ಅಂದ್ರೆ ಬೇಕೆನಿಸೋದು ಒಂದು, ಏರೋದು ಇನ್ನೊಂದು, ಬಿಟ್ಟಾಗ ನರಳೋದು ಮತ್ತೊಂದು. ಮೂರಕ್ಕೂ ಒಂದೇ ಜೀನ್ ಕಾರಣ ಅಲ್ಲ. ಒಂದೊಂದರ ಹಿಂದೆಯೂ ಹಲವಾರು ಜೀನ್‌ಗಳಿವೆ, ಒಂದೊಂದರದೂ ಸಣ್ಣ ಸಣ್ಣ ಪಾಲು.

ನಮ್ಮ ಮನೆಯ ನಾಲ್ವರು

ಇದನ್ನು ಓದುವಾಗ ನನಗೆ ನೆನಪಾದದ್ದು ನಮ್ಮಪ್ಪ ಮತ್ತು ಅವರ ಮೂವರು ತಮ್ಮಂದಿರು. ಒಂದೇ ತಾಯಿಯ ಮಕ್ಕಳು, ಒಂದೇ ತಾಟಿನ ಜೋಳದ ರೊಟ್ಟಿ ತಿಂದವರು.

ಅಪ್ಪ ಅರ್ಧ ಗ್ಲಾಸ್ ಸೇಂದಿ ಕುಡಿದರೆ ಸಾಕು, ಕಟ್ಟೆ ಮೇಲೆ ಗೊರಕೆ. ‘ನನಗ ಅದು ಆಗಿಬರಂಗಿಲ್ಲ’ ಅಂತ ತಾವೇ ಬಿಟ್ಟರು. ಯಾರೂ ಉಪದೇಶ ಮಾಡಬೇಕಾಗಲಿಲ್ಲ.

ದೊಡ್ಡ ಕಾಕಾ ಶಹಾಬಾದಿನ ಪರ್ಸಿ ಕಲ್ಲಿನ ಗಣಿಯಲ್ಲಿ ಕೆಲಸ ಮಾಡ್ತಿದ್ದರು. ಮೊದಲು ಹೇಳಿದ ಆ ಹೊಗಳಿಕೆ ಅವರದ್ದೇ. ಎಷ್ಟು ಕುಡಿದರೂ ಹೆಜ್ಜೆ ತಪ್ಪುತ್ತಿರಲಿಲ್ಲ. ನಲವತ್ತೈದಕ್ಕೆ ಬರೋ ಹೊತ್ತಿಗೆ ಬೆಳಿಗ್ಗೆ ಒಂದು ಪ್ಯಾಕೆಟ್ ಹರಿಯದೆ ಚಹಾದ ಕಪ್ಪು ಹಿಡಿಯಲು ಕೈ ಆಗುತ್ತಿರಲಿಲ್ಲ.

ನಡುವಿನ ಕಾಕಾ ಹೊಲ ಮನೆ ನೋಡಿಕೊಂಡು ವರ್ಷಗಟ್ಟಲೆ ದಿನಾ ಸಂಜೆ ಕುಡಿದವರು. ಒಂದು ಶ್ರಾವಣದಲ್ಲಿ ಬಿಟ್ಟರು. ಎರಡು ದಿನ ಸಿಡಿಮಿಡಿ, ಅಷ್ಟೇ. ಮತ್ತೆ ಮುಟ್ಟಲಿಲ್ಲ.

ಸಣ್ಣ ಕಾಕಾ ಅವರಷ್ಟೇ ಕುಡಿಯುತ್ತಿದ್ದರು. ಅಣ್ಣನನ್ನು ನೋಡಿ ಅವರೂ ಒಂದು ದಿನ ಪೂರ್ತಿ ಬಿಟ್ಟರು. ಮರುದಿನ ಮೈಯೆಲ್ಲ ನಡುಕ, ಬೆವರು. ಮೂರನೇ ದಿನ ಗೋಡೆ ಮೇಲೆ ಇರುವೆ ಸಾಲು ಹೊಂಟಾವ ಅಂತ ಚೀರಿದರು. ಇಲ್ಲದವರ ಜೊತೆ ಮಾತಾಡಿದರು. ‘ಗಾಳಿ ಬಡದದ’ ಅಂತ ತಾಯತ ಕಟ್ಟಿಸಿದ್ದಾಯಿತು. ಫಿಟ್ಸ್ ಬಂದ ಮೇಲೆ ಜೀಪಿನಲ್ಲಿ ಕಲಬುರಗಿಗೆ ಒಯ್ದರು. ಬದುಕಿದರು. ಅದು ಗಾಳಿ ಅಲ್ಲ, ದಿನಾ ಮದ್ಯಕ್ಕೆ ಒಗ್ಗಿದ್ದ ಮಿದುಳಿಗೆ ಅದು ಒಮ್ಮೆಲೇ ಸಿಗದೇ ಹೋದದ್ದು ಅಂತ ಡಾಕ್ಟರು ಹೇಳಿದಾಗಲೇ ನಮ್ಮ ಮನೆಗೆ ಗೊತ್ತಾದದ್ದು.

ಊರು ನಾಲ್ವರನ್ನೂ ಎರಡೇ ಪಟ್ಟಿಗೆ ಹಾಕಿತ್ತು: ‘ಒಬ್ಬ ಒಳ್ಳೆಯವ, ಮೂವರು ಕುಡುಕರು.’ ನಾಲ್ಕು ಜನರಿಂದ ಯಾವ ವಿಜ್ಞಾನವೂ ಸಾಬೀತಾಗಲ್ಲ, ಒಪ್ಪುತ್ತೇನೆ. ಆದರೆ ಒಂದೇ ಮನೆಯಲ್ಲಿ ನಾಲ್ಕು ಥರದ ಮೈ ಇರಬಹುದು ಅನ್ನೋದನ್ನು ನೋಡೋ ಕಣ್ಣು ಕೊಟ್ಟದ್ದು ಆ ಇಲಿಗಳು.

ಮನುಷ್ಯರಲ್ಲಿ?

‘ಇಲಿ ಬೇರೆ, ನಾವು ಬೇರೆ’ ಅನ್ನಬಹುದು. ಸರಿ, ಮನುಷ್ಯರ ಲೆಕ್ಕಕ್ಕೇ ಬರೋಣ.

1973ರಲ್ಲಿ ಡೊನಾಲ್ಡ್ ಗುಡ್‌ವಿನ್ ಮತ್ತು ಜೊತೆಗಾರರು ಡೆನ್ಮಾರ್ಕ್‌ನಲ್ಲಿ ಹುಟ್ಟಿದ ಕೂಡಲೇ ದತ್ತು ಹೋದ ಗಂಡುಮಕ್ಕಳನ್ನು ಹುಡುಕಿ ನೋಡಿದರು. ಹೆತ್ತವರಲ್ಲಿ ಒಬ್ಬರು ಮದ್ಯವ್ಯಸನಿ ಆಗಿದ್ದರೆ, ಬೇರೆ ಮನೆಯಲ್ಲಿ ಬೆಳೆದರೂ ಮಗನಿಗೆ ವ್ಯಸನ ಅಂಟುವ ಸಾಧ್ಯತೆ ಸುಮಾರು ನಾಲ್ಕು ಪಟ್ಟು ಇತ್ತು. ಆ ಮೇಲೆ ಅವಳಿಗಳ ಮೇಲೆ ನಡೆದ ಹಲವು ಅಧ್ಯಯನಗಳೂ ಹೇಳೋದು ಇದನ್ನೇ: ಜನರ ನಡುವಿನ ಈ ವ್ಯತ್ಯಾಸದಲ್ಲಿ ಸುಮಾರು ಅರ್ಧ ಪಾಲು ಜೀನ್‌ಗಳದ್ದು, ಉಳಿದರ್ಧ ಬದುಕಿದ ಬಗೆಯದ್ದು.

ಇನ್ನು ನಮ್ಮ ‘ಹೀರೊ’. ಅಮೆರಿಕದ ಸ್ಯಾನ್ ಡಿಯೇಗೊದ ಮನೋವೈದ್ಯ ಮಾರ್ಕ್ ಶುಕಿಟ್, ವ್ಯಸನಿಗಳ ಮಕ್ಕಳಾಗಿದ್ದ ಇಪ್ಪತ್ತರ ಹರೆಯದ ಹುಡುಗರಿಗೆ ಅಳತೆಯ ಮದ್ಯ ಕೊಟ್ಟು, ಎಷ್ಟು ಏರಿತು ಅಂತ ಕೇಳಿದರು. ನಿಂತಾಗ ಮೈ ಎಷ್ಟು ವಾಲುತ್ತೆ ಅಂತ ಅಳೆದರು. ಸುಮಾರು ಹತ್ತು ವರ್ಷ ಬಿಟ್ಟು ಅವರನ್ನೇ ಹುಡುಕಿಕೊಂಡು ಹೋದರು. 1994ರಲ್ಲಿ ಪ್ರಕಟಿಸಿದ ಲೆಕ್ಕ ಇದು: ಆಗ ಅತಿ ಹೆಚ್ಚು ಏರಿದ್ದವರಲ್ಲಿ ಶೇ 14ರಷ್ಟು ಮಂದಿ ವ್ಯಸನಿಗಳಾಗಿದ್ದರು. ಹೆಚ್ಚೇನೂ ಏರದಿದ್ದವರಲ್ಲಿ ಶೇ 56ರಷ್ಟು.

ಯಾಕೆ ಹೀಗೆ? ಎರಡು ಪೆಗ್ಗಿಗೇ ತಲೆ ಗಿರ್ ಅಂದರೆ ಮೈ ‘ಸಾಕು’ ಅಂತ ಹೇಳಿದ ಹಾಗೆ. ಕೆಲವರ ಮೈಯಲ್ಲಿ ಆ ‘ಸಾಕು’ ಬಹಳ ತಡವಾಗಿ ಬರುತ್ತೆ. ಜೊತೆಯವರು ನಿಲ್ಲಿಸಿದ ಮೇಲೂ ಅವರ ಗ್ಲಾಸ್ ತುಂಬುತ್ತಲೇ ಇರುತ್ತೆ. ಆಮೇಲೆ ಹೆಚ್ಚು ಕುಡಿಯುವ ಗೆಳೆಯರೇ ಗೆಳೆಯರಾಗ್ತಾರೆ. ಇಲಿಗಳಲ್ಲೂ ಇದೇ ಕಂಡಿದೆ. ಮಿದುಳಿನಲ್ಲಿ ಎನ್‌ಪಿವೈ ಅನ್ನೋ ಒಂದು ರಾಸಾಯನಿಕ ಇದೆ. ಅದು ತಯಾರಾಗದ ಹಾಗೆ ಮಾಡಿದ ಇಲಿಗಳು ಮದ್ಯದ ಮಂಪರಿನಿಂದ ಬೇಗ ಎದ್ದವು, ಹೆಚ್ಚು ಕುಡಿದವು ಕೂಡ. ಅದು ಜಾಸ್ತಿ ತಯಾರಾಗುವ ಇಲಿಗಳು ಬಹಳ ಹೊತ್ತು ಮಲಗಿದವು, ಕಡಿಮೆ ಕುಡಿದವು. ಇದು 1998ರ ಸಂಶೋಧನೆ.

ಇನ್ನೊಂದು ಮಾತು. ಏರಲಿಲ್ಲ ಅಂದ ಮಾತ್ರಕ್ಕೆ ಮದ್ಯ ಹೊಟ್ಟೆಗೆ ಹೋಗಿಲ್ಲ ಅಂತಲ್ಲ. ಲಿವರ್ ಪೂರ್ತಿ ಲೆಕ್ಕ ಇಟ್ಟಿರುತ್ತೆ. ಪೊಲೀಸರ ಮೆಷಿನ್ನೂ ಅಷ್ಟೇ. 100 ಮಿಲಿ ರಕ್ತಕ್ಕೆ 30 ಮಿಲಿಗ್ರಾಂ ದಾಟಿದರೆ ಕೇಸು, ನೀವು ನೆಟ್ಟಗೆ ನಿಂತಿದ್ದರೂ ಕೇಸೇ. ‘ಎಲ್ಲರನ್ನೂ ಮನಿಗಿ ಮುಟ್ಟಸ್ತಾನ’ ಅನ್ನೋ ಆಸಾಮಿಯ ಬೈಕ್ ಹಿಂದೆ ಕೂರೋ ಮೊದಲು ಇದು ನೆನಪಿರಲಿ.

ನಮ್ಮ ರಾಜ್ಯದಲ್ಲೂ ಈ ಬಗ್ಗೆ ಕೆಲಸ ನಡೆದಿದೆ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಡಾ. ವಿವೇಕ್ ಬೆನೆಗಲ್ ಮತ್ತು ಸಂಗಡಿಗರು ತೀವ್ರ ವ್ಯಸನಿಗಳ ಮಕ್ಕಳನ್ನು, ಅವರು ಕುಡಿಯಲು ಶುರು ಮಾಡುವ ಮೊದಲೇ, ಪರೀಕ್ಷಿಸಿದರು. ಮಿದುಳಿನ ಕೆಲವು ಭಾಗಗಳ ಗಾತ್ರದಲ್ಲಿ ಆಗಲೇ ವ್ಯತ್ಯಾಸ ಕಂಡಿತ್ತು. ಅಂದ್ರೆ ಬಾಟಲಿ ಮುಟ್ಟುವ ಮೊದಲೇ ಕೆಲವರು ಇಳಿಜಾರಿನಲ್ಲಿ ನಿಂತಿರುತ್ತಾರೆ. ಜಾರಿ ಬಿದ್ದಿದ್ದಾರೆ ಅಂತ ಅರ್ಥ ಅಲ್ಲ.

ಬಾಟಲಿ ಇಟ್ಟವರು ಯಾರು?

ಆ ಸಿ57 ಇಲಿಯ ಪಂಜರದಲ್ಲಿ ಬರೀ ನೀರಿನ ಬಾಟಲಿ ಇಟ್ಟರೆ ಏನಾಗುತ್ತೆ? ಏನೂ ಇಲ್ಲ. ಕಾಳು ತಿಂದು, ಮರಿ ಹಾಕಿ, ಇಲಿಯಾಗಿಯೇ ಬದುಕುತ್ತೆ. ಅದರ ರಕ್ತದಲ್ಲಿ ಇರೋದು ಹೊರಗೆ ಬರಬೇಕಾದರೆ ಯಾರಾದರೂ ಎರಡನೇ ಬಾಟಲಿ ಇಡಲೇಬೇಕು.

ಯಾವ ಹೊತ್ತಿಗೆ ಇಡುತ್ತಾರೆ ಅನ್ನೋದೂ ಮುಖ್ಯ. ಇಲಿಗಳು ರಾತ್ರಿ ಚುರುಕು. ಕತ್ತಲಾಗಿ ಕೆಲವು ಗಂಟೆ ಕಳೆದ ಮೇಲೆ ನೀರು ತೆಗೆದು ಮದ್ಯದ ಬಾಟಲಿ ಮಾತ್ರ ಇಟ್ಟರೆ ಈ ಸಿ57 ಇಲಿಗಳು ಸ್ವಲ್ಪ ಹೊತ್ತಿನಲ್ಲೇ ಅಮಲೇರುವಷ್ಟು ಕುಡಿಯುತ್ತವೆ. 2005ರಿಂದ ಸಂಶೋಧಕರು ಈ ವಿಧಾನವನ್ನೇ ಬಳಸುತ್ತಿದ್ದಾರೆ. ಅಂದ್ರೆ ಅಂಗಡಿ ಎಲ್ಲಿದೆ, ಎಷ್ಟೊತ್ತಿಗೆ ತೆರೆದಿದೆ, ಪಕ್ಕದಲ್ಲಿ ಬೇರೇನು ಸಿಗುತ್ತೆ ಅನ್ನೋದು ಇಲಿಗೂ ಲೆಕ್ಕಕ್ಕೆ ಬರುತ್ತೆ.

ಈಗ ನಮ್ಮ ಊರುಗಳನ್ನು ನೋಡಿ. ಸಿಮೆಂಟ್ ಫ್ಯಾಕ್ಟರಿಯ ಶಿಫ್ಟ್ ಮುಗಿಸಿ, ಕಲ್ಲಿನ ಗಣಿಯಲ್ಲಿ ಬೆನ್ನು ಬಗ್ಗಿಸಿ, ಮೇ ತಿಂಗಳ ಬಿಸಿಲಲ್ಲಿ ಬೆಂದು ಬರುವವನಿಗೆ ದಾರಿಯಲ್ಲಿ ಮೊದಲು ಸಿಗೋದು ಏನು? ಗ್ರಂಥಾಲಯವಾ, ಆಟದ ಮೈದಾನವಾ? ರಾಜ್ಯದಲ್ಲಿ ಸಾರಾಯಿ ನಿಷೇಧ ಆದದ್ದು 2007ರ ಜುಲೈ 1ರಂದು. ಅದರ ಜಾಗಕ್ಕೆ ಅಗ್ಗದ ಪ್ಯಾಕೆಟ್ ವಿಸ್ಕಿ ಬಂತು. ಹಳ್ಳಿಗಳಲ್ಲಿ ಅದು ಕಿರಾಣಿ ಅಂಗಡಿಯ ಸಕ್ಕರೆ ಡಬ್ಬದ ಹಿಂದೆಯೂ ಕೂತಿರುತ್ತೆ.

2019ರ ಜನವರಿಯಲ್ಲಿ ಮದ್ಯ ನಿಷೇಧ ಆಂದೋಲನದ ಹೆಣ್ಣುಮಕ್ಕಳು ಚಿತ್ರದುರ್ಗದಿಂದ ಬೆಂಗಳೂರಿಗೆ ನಡೆದುಕೊಂಡು ಬಂದರಲ್ಲ, ಅವರು ಜೀನ್ ಬಗ್ಗೆ ಓದಿರಲಿಲ್ಲ. ಆದರೆ ಕೇಳಿದ್ದು ಸರಿಯಾದ ಪ್ರಶ್ನೆಯನ್ನೇ: ನಮ್ಮ ಪಂಜರದಲ್ಲಿ ಈ ಬಾಟಲಿ ಇಟ್ಟವರು ಯಾರು? ಪೂರ್ತಿ ನಿಷೇಧದಿಂದ ಎಲ್ಲ ಸರಿಹೋಗುತ್ತಾ ಅನ್ನೋದರಲ್ಲಿ ನನಗೆ ಅನುಮಾನ ಇದೆ. ಆದರೆ ಕಿರಾಣಿ ಅಂಗಡಿಯ ಆ ಪ್ಯಾಕೆಟ್ಟಿನ ಬಗ್ಗೆ ಅನುಮಾನವೇ ಇಲ್ಲ.

ಮದುವೆ ಮಾತು

ಹೋದ ವರ್ಷ ನನ್ನ ತಂಗಿಗೆ ಶಹಾಬಾದಿನ ಒಂದು ಸಂಬಂಧ ಬಂತು. ಹುಡುಗ ಎಂಜಿನಿಯರ್, ಕುಡಿಯಲ್ಲ. ಆದರೆ ಅವರಪ್ಪ ಕುಡಿತದಿಂದಲೇ ತೀರಿಕೊಂಡವರು. ನಮ್ಮ ಹಿರಿಯರು ಒಂದೇ ಮಾತಿಗೆ ಬೇಡ ಅಂದರು. ‘ರಕ್ತದಾಗೇ ಅದ ಅದು. ಇವತ್ತಿಲ್ಲಂದ್ರ ನಾಳಿ ಬರ್ತದ.’

ತಂಗಿ ಫೋನ್ ತಗೊಂಡು ನೇರ ಹುಡುಗನಿಗೇ ಕೇಳಿದಳು, ಯಾಕೆ ಕುಡಿಯಲ್ಲ ಅಂತ. ಅವನ ಉತ್ತರ ನನಗೆ ಬಾಯಿಪಾಠ ಆಗಿದೆ. ‘ಕಾಲೇಜಿನ್ಯಾಗ ಎರಡ್ ಸಲ ಕುಡದಿದ್ನಿರಿ. ದೋಸ್ತರೆಲ್ಲ ಬಿದ್ರು, ನನಗ ಏನೂ ಆಗ್ಲಿಲ್ಲ. ನಮ್ಮಪ್ಪಗೂ ಹಿಂಗೇ ಆಗ್ತಿತ್ತು ಅಂತ ಅವ್ವ ಹೇಳ್ತಿದ್ಳು. ಅಂಜಿಕಿ ಬಂತು, ಅವತ್ತೇ ಬಿಟ್ಟೆ.’

ಶುಕಿಟ್ ಹತ್ತು ವರ್ಷ ಹಿಂದೆ ಬಿದ್ದು ಕಂಡುಕೊಂಡದ್ದನ್ನು ಈ ಹುಡುಗ ಎರಡು ಸಂಜೆಯಲ್ಲಿ ಕಂಡುಕೊಂಡಿದ್ದ. ರಕ್ತದಲ್ಲಿ ಏನಿದೆ ಅಂತ ಗೊತ್ತಿದ್ದು ಕಾಲಿಡುವವನು, ಗೊತ್ತಿಲ್ಲದೆ ಕಾಲಿಡುವವನಿಗಿಂತ ಎಷ್ಟೋ ಸುರಕ್ಷಿತ. ಹಿರಿಯರು ಇನ್ನೂ ಪೂರ್ತಿ ಒಪ್ಪಿಲ್ಲ, ಆದರೆ ಮಾತುಕತೆ ಮುಂದುವರಿದಿದೆ. ಸಂಬಂಧ ನೋಡುವಾಗ ‘ಮನೆತನದಲ್ಲಿ ಕುಡುಕರಿದ್ದಾರಾ’ ಅಂತ ಕೇಳಿ, ತಪ್ಪಿಲ್ಲ. ಆದರೆ ಅಲ್ಲಿಗೇ ನಿಲ್ಲಿಸಬೇಡಿ. ‘ಅದು ಗೊತ್ತಿದ್ದು ಹುಡುಗ ಏನು ಮಾಡಿದ್ದಾನೆ’ ಅಂತಲೂ ಕೇಳಿ.

ಬಿಡುವವರಿಗೆ ಒಂದು ಮಾತು

ಶ್ರಾವಣ ಬಂತು ಅಂದರೆ, ಮಾಲೆ ಹಾಕೋ ಕಾಲ ಬಂತು ಅಂದರೆ ನಮ್ಮ ಕಡೆ ಎಷ್ಟೋ ಮಂದಿ ಒಮ್ಮೆಲೇ ಬಿಡ್ತಾರೆ. ಒಳ್ಳೆಯದೇ. ಆದರೆ ದಿನಾ ಜೋರಾಗಿ ಕುಡಿಯುವವರು, ಬೆಳಿಗ್ಗೆ ಕುಡಿಯದಿದ್ದರೆ ಕೈ ನಡುಗುವವರು ದಯವಿಟ್ಟು ಡಾಕ್ಟರಿಗೆ ತೋರಿಸಿ ಬಿಡಿ. ಬಿಟ್ಟ ಮೊದಲ ಎರಡು ದಿನಗಳಲ್ಲಿ ಫಿಟ್ಸ್ ಬರಬಹುದು. ಎರಡರಿಂದ ನಾಲ್ಕನೇ ದಿನದೊಳಗೆ ಇಲ್ಲದ್ದು ಕಾಣೋದು, ಗೊಂದಲ, ಜ್ವರ ಶುರುವಾಗಬಹುದು. ಜೀವಕ್ಕೂ ಅಪಾಯ. ಯಾರಿಗೆ ನಡುವಿನ ಕಾಕಾನ ಮೈ, ಯಾರಿಗೆ ಸಣ್ಣ ಕಾಕಾನ ಮೈ ಅಂತ ಹೊರಗಿನಿಂದ ನೋಡಿ ಹೇಳಲಾಗದು. ಮೊದಲೊಮ್ಮೆ ಬಿಟ್ಟಾಗ ಫಿಟ್ಸ್ ಬಂದಿದ್ದರೆ ಇನ್ನೂ ಹುಷಾರು. ಪದೇ ಪದೇ ಬಿಟ್ಟು ಹಿಡಿದರೆ ತೊಂದರೆ ಹೆಚ್ಚುತ್ತಾ ಹೋಗುತ್ತೆ ಅನ್ನೋದು ಇಲಿಗಳಲ್ಲೂ ಕಂಡಿದೆ, ಮನುಷ್ಯರಲ್ಲೂ ಕಂಡಿದೆ. ಇದನ್ನು ತಡೆಯೋ ಔಷಧಿ ಇದೆ, ಕೆಲವೇ ದಿನಗಳ ಚಿಕಿತ್ಸೆ.

2019ರಲ್ಲಿ ಬಂದ ಏಮ್ಸ್ ನೇತೃತ್ವದ ರಾಷ್ಟ್ರೀಯ ಸಮೀಕ್ಷೆ ಪ್ರಕಾರ ಮದ್ಯಕ್ಕೆ ಪೂರ್ತಿ ಅಂಟಿಕೊಂಡ 38 ಜನರಲ್ಲಿ ಒಬ್ಬರಿಗೆ ಮಾತ್ರ ಯಾವುದೋ ಒಂದು ಚಿಕಿತ್ಸೆ ಸಿಕ್ಕಿದೆ. ಉಳಿದ 37 ಮಂದಿಗೆ ಸಿಕ್ಕಿದ್ದು ಬೈಗುಳ, ಆಣೆ, ತಾಯತ. ಫೋನ್ ಕೈಯಲ್ಲೇ ಇದೆಯಲ್ಲ, ಎರಡು ನಂಬರ್ ಉಳಿಸಿಕೊಳ್ಳಿ: ಸರ್ಕಾರದ ಟೆಲಿ ಮನಸ್ 14416, ವ್ಯಸನಮುಕ್ತಿ ಸಹಾಯವಾಣಿ 14446. ಎರಡೂ ಉಚಿತ.

ಮತ್ತೆ, ಮುಂದಿನ ಪಾರ್ಟಿಯಲ್ಲಿ ಯಾರಾದರೂ ‘ನನಗೆ ಏರೋದೇ ಇಲ್ಲ’ ಅಂದರೆ ಚಪ್ಪಾಳೆ ತಟ್ಟಬೇಡಿ. ಅವನ ಗ್ಲಾಸ್ ಪಕ್ಕಕ್ಕಿಟ್ಟು, ‘ನಿಮ್ಮ ಮನೆಯಲ್ಲಿ ಮತ್ತೆ ಯಾರಿಗೆಲ್ಲ ಹೀಗೇ ಏರ್ತಿರಲಿಲ್ಲ?’ ಅಂತ ಮೆಲ್ಲಗೆ ಕೇಳಿ.